ಅಂದಪ್ಪನ ಲ್ಯಾಪ್‌ಟಾಪಿನೊಳಗಿನ ಗಿರಣಿ

ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಸ್ಥರ ಸಂಘದ ಸಭೆಯಲ್ಲಿ ಅಂದಪ್ಪ ಎದ್ದು ನಿಂತದ್ದು ಆ್ಯಪ್ ಮಾಡಲಿಕ್ಕಲ್ಲ, ಮೂತ್ರಕ್ಕೆ ಹೋಗಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ಊರೆಲ್ಲ ಕಟ್ಟಿದ ಕತೆಯಲ್ಲಿ ಅವನು ಎದೆ ಸೆಟೆಸಿ ಎದ್ದ ಅಂತ ಬರುತ್ತದೆ. ಅದು ಸುಳ್ಳು. ಅವನು ಒಂದು ಕೈಯಲ್ಲಿ ಧೋತರದ ಚುಂಗು ಹಿಡಿದುಕೊಂಡು, ಅರ್ಧ ಬಗ್ಗಿ, ಯಾರಿಗೂ ಕಾಣದಂತೆ ಜಾರಿಕೊಳ್ಳಲು ನೋಡುತ್ತಿದ್ದ.

ಅದೇ ಗಳಿಗೆಗೆ ಸಂಘದ ಅಧ್ಯಕ್ಷ ಮುದಕಪ್ಪ ಸಭೆಗೆ ಒಂದು ಪ್ರಶ್ನೆ ಹಾಕಿದ್ದ. "ದಿನದ ಧಾರಣಿ ಮೊಬೈಲಿನಾಗ ತೋರಿಸೋ ಆ್ಯಪ್ ಒಂದು ಬೇಕಾಗೇತಿ. ಹೊರಗಿನ ಕಂಪನಿಯವರಿಗೆ ಕೊಡೂಣೋ, ಇಲ್ಲಾ ನಮ್ಮೊಳಗ ಯಾರರ ಮಾಡವರು ಅದೀರೋ? ಇದ್ರ ಎದ್ದು ನಿಂದರ್ರಿ."

ನಿಂತವನು ಒಬ್ಬನೇ. ಎಂಬತ್ತು ತಲೆಗಳು ಅವನ ಕಡೆ ತಿರುಗಿದವು. "ಓಹೋ, ಅಂದಪ್ಪ!" ಎಂದ ಮುದಕಪ್ಪ. ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಉಳಿದವರೂ ಕೂಡಿಕೊಂಡರು. ನಲವತ್ತೊಂಬತ್ತು ವರ್ಷದ ಬಾಳಿನಲ್ಲಿ ಅಂದಪ್ಪನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅವನು ಎರೆಹುಳು ಸಾಕಿದಾಗ ಹುಳುಗಳನ್ನು ಕಾಗೆ ತಿಂದವು; ಜೇನು ಸಾಕಿದಾಗ ಜೇನು ಅವನನ್ನು ತಿಂದವು. ಈಗ ಎಂಬತ್ತು ಮಂದಿ ತಟ್ಟುತ್ತಿರುವಾಗ "ನಾ ಮೂತ್ರಕ್ಕ ಹೊಂಟಿದ್ದೆ" ಅನ್ನಲು ಅವನಿಗೆ ಮನಸ್ಸಾಗಲಿಲ್ಲ. ಮೇಲಾಗಿ ಆ್ಯಪ್ ಮಾಡುವುದು ಹೇಗೆಂದು ಅವನು ಮೊಬೈಲಿನಲ್ಲಿ ಹನ್ನೊಂದು ವಿಡಿಯೋ ನೋಡಿದ್ದು ಖರೆಯೇ.

"ಹೊರಗಿನವರಿಗೆ ಯಾಕ ಕೊಡ್ತೀರಿ?" ಎಂದ ಅಂದಪ್ಪ. "ಅದರಾಗೇನೈತಿ? ದೀಪಾವಳಿ ಪಾಡ್ಯಾದೊಳಗ ಮಾಡಿ ಕೊಡ್ತೇನಿ." ಇಷ್ಟು ಹೇಳಿ ಹೊರಗೆ ಓಡಿದ. ಓಡಿದ್ದನ್ನು ಮಂದಿ ಕೆಲಸದ ಹುರುಪು ಅಂತ ತಿಳಿದರು. ಇರಲಾರದವನು ಇರುವೆ ಬಿಟ್ಟುಕೊಂಡ ಅನ್ನುವುದು ಇದಕ್ಕೇ.

ಸುದ್ದಿ ಅವನಿಗಿಂತ ಮೊದಲು ಮನೆ ಮುಟ್ಟಿತು. ಅಂದಪ್ಪನ ಮನೆ ಅಂದರೆ ಮುಂದೆ ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ, ಹಿಂದೆ ಅಡಿಗೆಮನೆ, ನಡುವೆ ಅವನ ತಾಯಿ ಗದಿಗೆವ್ವ. ಎಪ್ಪತ್ತಾರರ ಈ ಮುದುಕಿಗೆ ಅಕ್ಷರ ಬಾರದು. ಆದರೆ ಅಂಗಡಿ ಅವಳ ಹೆಸರಿನಲ್ಲಿತ್ತು, ಕೀಲಿಕೈ ಅವಳ ಟೊಂಕದಲ್ಲಿತ್ತು. ಅಂಗಡಿಯ ನಡುವೆ ಬಿಳಿ ಹೊದಿಕೆಯ ಗಾದಿ, ಹಿಂದೆ ಒರಗಲು ಲೋಡು. ಆ ಗಾದಿಯ ಮೇಲೆ ಕೂತವನೇ ಯಜಮಾನ. ಮೂರು ತಲೆಮಾರು ಕೂತು ತಗ್ಗು ಬಿದ್ದ ಆ ಜಾಗದಲ್ಲಿ ಈಗ ಇಪ್ಪತ್ತು ವರ್ಷದಿಂದ ಅಂದಪ್ಪ ಕೂಡುತ್ತಿದ್ದ.

"ಮಂದಿ ಮುಂದ ಮಾತು ಕೊಟ್ಟು ಬಂದೀಯಂತ?" ಎಂದಳು ಗದಿಗೆವ್ವ.

"ಹೂಂ, ಅವ್ವಾ."

"ಹುಳಾ ಆತು, ನೊಣಾ ಆತು. ನಿನ್ನ ಸಲುವಾಗಿ ಬಜಾರದಾಗ ತಲಿ ಎತ್ತಾಕ ಆಗವಲ್ದು. ಈ ಸಲ ಮಾಡಿ ತೋರಸು. ಪಾಡ್ಯಾಕ್ಕ ಗಾದಿ ಪೂಜಿ ಐತಿ. ಅಷ್ಟರಾಗ ಆತೋ, ಗಾದಿ ನಿಂದು. ಆಗಲಿಲ್ಲೋ, ಮುಂಡರಗಿಯಿಂದ ವೀರೂನ ಕರಸಿ ಕುಂಡ್ರಸ್ತೇನಿ."

ವೀರು ಅಂದರೆ ಅಂದಪ್ಪನ ತಮ್ಮ. ಮುಂಡರಗಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟು ಮುಟ್ಟಿದ್ದೆಲ್ಲ ಮೊಳಕೆಯೊಡೆಸಿದ ಮನುಷ್ಯ. ಅಂದಪ್ಪನಿಗೆ ತಮ್ಮನ ಮೇಲೆ ಪ್ರೀತಿಯಿತ್ತು, ಆದರೆ ಅವನು ಮುಂಡರಗಿಯಲ್ಲಿಯೇ ಇದ್ದಾಗ ಆ ಪ್ರೀತಿ ಹೆಚ್ಚಾಗಿರುತ್ತಿತ್ತು. ಪಾಡ್ಯಕ್ಕೆ ಇನ್ನು ಇಪ್ಪತ್ತಾರು ದಿನ ಉಳಿದಿದ್ದವು.

ಮರುದಿನವೇ ಗದಗಿನಿಂದ ಹೊಸ ಲ್ಯಾಪ್‌ಟಾಪ್ ಬಂತು. ಅರಿಶಿಣ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ತೆಂಗಿನಕಾಯಿ ಒಡೆದು, ಅದರ ನೀರು ಕೀಲಿಮಣೆಯೊಳಗೆ ಇಳಿಯದಂತೆ ಅಂದಪ್ಪನ ಹೆಂಡತಿ ಕಾಂಚನಾ ಸೆರಗು ಅಡ್ಡ ಹಿಡಿದು ಪೂಜೆ ಆಯಿತು. ಯಂತ್ರ ಚಾಲೂ ಆದ ಕೂಡಲೇ "ನಿಮ್ಮ ಹೆಸರೇನು?" ಎಂದು ಕೇಳಿತು.

ಇಲ್ಲಿ ಅಂದಪ್ಪನ ಕೈಯ ಬಗ್ಗೆ ಒಂದು ಮಾತು. ಆ ಮನೆತನದ ಕೈ ಯಾವ ಖಾಲಿ ಹಾಳೆಯ ಮೇಲೂ ಮೊದಲು ದೇವರ ಹೆಸರು ಬರೆಯದೆ ಎರಡನೇ ಅಕ್ಷರಕ್ಕೆ ಹೋದದ್ದಿಲ್ಲ. ಕಿರಾಣಿ ಯಾದಿಯ ನೆತ್ತಿಗೆ ಶ್ರೀಕಾರ, ಬೀಗರ ಪತ್ರದ ನೆತ್ತಿಗೆ ಶ್ರೀಕಾರ. ಹತ್ತನೇ ತರಗತಿಯ ಗಣಿತದ ಉತ್ತರಪತ್ರಿಕೆಯಲ್ಲಿ ಅಂದಪ್ಪ ಬರೆದದ್ದರಲ್ಲಿ ತಪ್ಪಿಲ್ಲದ ಸಾಲು ಅದೊಂದೇ. ಇಂಥ ಕೈಗೆ ಖಾಲಿ ಜಾಗ ಕಂಡರೆ ಏನಾಗುತ್ತದೆ? ಅವನು ತನ್ನ ಹೆಸರಿನ ಬದಲು ಊರ ದೇವರ ಹೆಸರನ್ನು ಕನ್ನಡದಲ್ಲಿ, ಎರಡೂ ಕಡೆ ಜೋಡಿ ಗೆರೆ ಹಾಕಿ, ॥ಶ್ರೀ ಸೋಮೇಶ್ವರ ಪ್ರಸನ್ನ॥ ಎಂದು ಟೈಪು ಮಾಡಿದ. ಕೊನೆಯ ಗುಂಡಿಯನ್ನು ಗದಿಗೆವ್ವನ ಬೆರಳಿನಿಂದಲೇ ಒತ್ತಿಸಿದ. ಯಂತ್ರ "ಸ್ವಾಗತ" ಎಂದಿತು. ಮುದುಕಿ ಕೈ ಮುಗಿದಳು.

ಆಮೇಲೆ ಕೆಲಸ ಶುರುವಾಯಿತು. ಅಂದರೆ ಶುರುವಾಗಲಿಲ್ಲ.

ಆ್ಯಪ್ ಮಾಡಬೇಕಾದರೆ ಮೊದಲು ಬಿಲ್ಡ್ ಟೂಲ್ ಎಂಬ ಒಂದು ಸಾಮಾನನ್ನು ಲ್ಯಾಪ್‌ಟಾಪಿನಲ್ಲಿ ಕೂಡಿಸಬೇಕು ಎಂದು ವಿಡಿಯೋದವನು ಹೇಳಿದ್ದ. ನಾವು ಬರೆದುಕೊಟ್ಟದ್ದನ್ನು ಅದು ಹದ ಮಾಡಿ, ಒಗ್ಗೂಡಿಸಿ, ಮೊಬೈಲಿನಲ್ಲಿ ಓಡುವ ಆ್ಯಪ್ ಮಾಡಿ ಕೊಡುತ್ತದೆ. "ಇದು ಎರಡು ನಿಮಿಷದ ಕೆಲಸ" ಎಂದೂ ಆ ಪುಣ್ಯಾತ್ಮ ಹೇಳಿದ್ದ. ಅಂದಪ್ಪ ಇಳಿಸಿಕೊಂಡ, ಒತ್ತಿದ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಹರಿದವು. ಆಮೇಲೆ ಒಂದು ಕೆಂಪು ಸಾಲು ಬಂದು ಎಲ್ಲ ನಿಂತಿತು. ಇಂಗ್ಲಿಷಿನ ಆ ಉದ್ದ ಸಾಲಿನ ಮೊದಲ ಶಬ್ದ "ಫೇಲ್" ಎಂದಿತ್ತು. ಫೇಲ್ ಎಂಬ ಶಬ್ದ ಕಂಡ ಮೇಲೆ ಮುಂದಿನದನ್ನು ಓದುವ ರೂಢಿ ಅವನಿಗೆ ಹತ್ತನೇ ತರಗತಿಯಿಂದಲೂ ಇರಲಿಲ್ಲ. ಮುಚ್ಚಳ ಮುಚ್ಚಿದ.

ಅವತ್ತು ಆರು ಸಲ ಕೂಡಿಸಿದ, ಮರುದಿನ ಒಂಬತ್ತು ಸಲ. ಪ್ರತಿ ಸಲವೂ ಅದೇ ಕೆಂಪು ಸಾಲು. ಅಂಗಡಿಗೆ ರೈತರು ಬಂದರೆ "ಕಾಂಚನಾ, ಒಂದೀಟು ಗಾದಿ ಮ್ಯಾಗ ಕುಂಡ್ರು, ಈಗ ಬಂದೆ" ಎನ್ನುತ್ತಿದ್ದ. ಆ "ಈಗ" ಮೂರನೇ ದಿನಕ್ಕೂ ಬರಲಿಲ್ಲ. ಕಾಂಚನಾ ಮೊದಲ ದಿನ ಗಾದಿಯ ಅಂಚಿನಲ್ಲಿ ಕೂತಳು, ಎರಡನೇ ದಿನ ನಡುವೆ ಕೂತಳು, ನಾಲ್ಕನೇ ದಿನ ಲೋಡಿಗೆ ಒರಗಿದಳು. ರೈತ ಮುಷ್ಟಿಯಲ್ಲಿ ತಂದ ಶೇಂಗಾ ಮಾದರಿಯನ್ನು ಒಡೆದು, ಬಾಯಿಗೆ ಹಾಕಿಕೊಂಡು, "ಹಸಿ ಐತಿ ತಮ್ಮಾ, ಎರಡು ದಿನ ಒಣಗಿಸಿ ತಾ, ನಾಕು ರೂಪಾಯಿ ಹೆಚ್ಚಿಗಿ ಸಿಗ್ತಾವ" ಎಂದು ಹೇಳತೊಡಗಿದಳು. ಅಂದಪ್ಪ ಇದ್ಯಾವುದನ್ನೂ ಕಾಣಲಿಲ್ಲ. ಅವನ ಕಣ್ಣೆಲ್ಲ ಕೆಂಪಾಗಿತ್ತು.

ನೆರೆಹೊರೆಯವರು ಸುಮ್ಮನಿರಲಿಲ್ಲ. ಪಕ್ಕದ ಅಂಗಡಿಯ ಮರ್ದಾನಸಾಬ ತಕ್ಕಡಿ, ಕಾಟಾ ರಿಪೇರಿ ಮಾಡುವವನು. ಲೋಕದ ಎಲ್ಲ ಯಂತ್ರಗಳ ರೋಗ ಒಂದೇ ಎಂದು ನಂಬಿದವನು. ಅವನು ಬಂದು ಲ್ಯಾಪ್‌ಟಾಪಿನ ನಾಲ್ಕೂ ಮೂಲೆ ನೋಡಿ, "ಮಟ್ಟ ಇಲ್ಲರಿ ಇದು. ಪಶ್ಚಿಮಕ್ಕ ಒಂದು ದಾರದಷ್ಟು ವಾಲೇತಿ" ಎಂದ. ಕೆಳಗೆ ರಟ್ಟಿನ ತುಂಡು ಕೊಟ್ಟು, ನೀರುಮಟ್ಟ ಇಟ್ಟು ಸಮ ಮಾಡಿದ. ಕೆಂಪು ಸಾಲು ಈಗ ಬಲು ಸಮವಾಗಿ ಕಂಡಿತು. ಮತ್ತೊಬ್ಬರು ಲ್ಯಾಪ್‌ಟಾಪಿನ ಮುಖ ಪೂರ್ವಕ್ಕೆ ತಿರುಗಿಸಲು ಹೇಳಿದರು. ಅದರ ಮುಖ ಯಾವುದು, ಪರದೆಯೋ ಬೆನ್ನೋ ಎಂಬ ವಾದದಲ್ಲಿ ಒಂದು ಮಧ್ಯಾಹ್ನ ಕಳೆಯಿತು.

ಕಡೆಗೆ ಅಂದಪ್ಪ ಇಂಟರ್‌ನೆಟ್ಟಿನಲ್ಲಿ ಬಲ್ಲವರ ಕಟ್ಟೆಯೊಂದರಲ್ಲಿ ತನ್ನ ಗೋಳು ಬರೆದು ಹಾಕಿದ. ನೆತ್ತಿಗೆ ಶ್ರೀಕಾರ ಹಾಕಿಯೇ ಬರೆದ. ಯಾವ ದೇಶದವನೋ ಒಬ್ಬ ಒಂದೇ ಸಾಲಿನ ಉತ್ತರ ಕೊಟ್ಟ: "ಕೆಂಪು ಸಾಲನ್ನು ಪೂರ್ತಿ ಓದಿದಿರಾ?" ಅಂದಪ್ಪನಿಗೆ ಸಿಟ್ಟು ಬಂತು. "ಓದಿ ತಿಳಿಯೂ ಹಂಗಿದ್ರ ನಿನ್ನ ಯಾಕ ಕೇಳತಿದ್ದೆಲೇ?" ಎಂದು ಪರದೆಗೆ ಬೈದು ಮುಚ್ಚಿದ. ಅಲ್ಲಿಯವರೆಗೆ ಅವನಿಗೆ ಸಿಕ್ಕ ಒಂದೇ ಒಂದು ಸರಿಯಾದ ಸಲಹೆ ಅದು.

ಒಂದು ದಿನ ಗದಿಗೆವ್ವ ಕೇಳಿದಳು. "ಏನದು ಹಗಲೆಲ್ಲ ಕೂಡಸ್ತೀ, ಕೂಡಸ್ತೀ, ಕೂಡವಲ್ದು?"

"ಅವ್ವಾ, ಅದೊಂದು ಗಿರಣಿ ಇದ್ದಂಗ. ಈ ಕಡೆ ಕಾಳು ಹಾಕಿದ್ರ ಆ ಕಡೆ ಹಿಟ್ಟು ಬರ್ತೈತಿ. ಗಿರಣಿ ಕುಂತಿತಂದ್ರ ಮುಗೀತು."

ಹೋಲಿಕೆ ಚಲೋ ಇತ್ತು. ಗದಿಗೆವ್ವ ಅದನ್ನು ಹಾಗೆಯೇ ಎದುರು ಮನೆಯ ಚನ್ನಮ್ಮನಿಗೆ ದಾಟಿಸಿದಳು, ಆದರೆ "ಇದ್ದಂಗ" ಎಂಬ ಶಬ್ದ ಓಣಿ ದಾಟುವಾಗ ಎಲ್ಲೋ ಉದುರಿಹೋಯಿತು. ಮರುದಿನ ಮುಂಜಾನೆ ಅಂದಪ್ಪ ಬಾಗಿಲು ತೆರೆದರೆ ಕಟ್ಟೆಯ ಮೇಲೆ ಏಳು ಮಂದಿ ಹೆಂಗಸರು ಜೋಳದ ಡಬ್ಬಿ ಇಟ್ಟುಕೊಂಡು ಪಾಳಿ ಹಚ್ಚಿ ಕೂತಿದ್ದರು.

"ಗಿರಣಿ ಯಾವಾಗ ಚಾಲೂ ಮಾಡ್ತೀರಿ ಅಂದಪ್ಪಣ್ಣಾ? ರೊಟ್ಟಿ ಹಿಟ್ಟು ಮುಗದೈತಿ," ಎಂದಳು ಚನ್ನಮ್ಮ.

"ಅಯ್ಯ ಯವ್ವಾ, ಅದು ಕಾಣೂ ಗಿರಣಿ ಅಲ್ಲ. ಲ್ಯಾಪ್‌ಟಾಪಿನೊಳಗ ಐತಿ."

"ಹಂಗಂದ್ರ ಸಣ್ಣದನು? ಅಡ್ಡಿಯಿಲ್ಲ, ನಂದು ಎರಡ ಸೇರು ಐತಿ."

ಅವರಿಗೆ ತಿಳಿಸಿ ಹೇಳುವುದರೊಳಗೆ ಅನಾಹುತ ಮುಂದೆ ಹೋಗಿತ್ತು. ಎರಡು ದಿನ ಬಿಟ್ಟು ಪುರಸಭೆಯಲ್ಲಿ ಲೈಸೆನ್ಸ್ ನೋಡುವ ಸಿದ್ದರಾಮ ಸಾಹೇಬರು ಬಗಲಲ್ಲಿ ಕಾಗದ ಹಿಡಿದು ಬಂದರು. ವಸತಿಯ ಓಣಿಯಲ್ಲಿ ಪರವಾನಗಿಯಿಲ್ಲದೆ ಗಿರಣಿ ಕೂಡಿಸುತ್ತಿರುವ ದೂರು ಬಂದಿದೆ ಎಂದರು. ಮನೆಯೆಲ್ಲ ತಿರುಗಿ ನೋಡಿದರು, ಮಂಚದ ಕೆಳಗೂ ಬಗ್ಗಿ ನೋಡಿದರು. ಗಿರಣಿ ಸಿಗದಿದ್ದಾಗ ಅವರ ಸಂಶಯ ಇನ್ನೂ ಬಲವಾಯಿತು.

"ಮುಚ್ಚಿಟ್ಟೀರಿ. ಎಷ್ಟು ಹಾರ್ಸ್ ಪವರ್ ಹೇಳ್ರಿ?"

"ಸಾಹೇಬ್ರ, ಅದಕ್ಕ ಹಾರ್ಸೂ ಇಲ್ಲ, ಪವರೂ ಇಲ್ಲ. ಈ ಡಬ್ಬಿಯೊಳಗ ಐತಿ."

"ಸಪ್ಪಳ?"

"ನಾ ಬೈಯೂ ಸಪ್ಪಳ ಬಿಟ್ರ ಬ್ಯಾರೆ ಇಲ್ಲರಿ."

ಸಾಹೇಬರು ಕಾಗದ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದರು. ಪೆನ್ನು ಕಂಡು ಅಂದಪ್ಪನ ಜೀವ ಬಾಯಿಗೆ ಬಂತು. "ಬರೀಬ್ಯಾಡ್ರಿ! ಗಿರಣಿ ಅಲ್ಲರಿ ಅದು, ಸಂಘದ ಧಾರಣಿ ಆ್ಯಪು! ತಯಾರ ಆಗಿ ಕುಂತೈತಿ! ಚಾಲೂ ಮಾಡೂದೊಂದ ಬಾಕಿ!" ಎಂದು ಕೂಗಿಬಿಟ್ಟ.

ಸುಳ್ಳಿಗೂ ಒಂದು ಮುಹೂರ್ತ ಇರುತ್ತದೆ. ಅಧ್ಯಕ್ಷ ಮುದಕಪ್ಪ ಅದೇ ಹೊತ್ತಿಗೆ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದ. "ತಯಾರ ಆತು? ಖರೇನ? ಶಾಬಾಸ್!" ಎಂದು ಒಳಗೆ ಬಂದು ಅಂದಪ್ಪನನ್ನು ಅಪ್ಪಿಕೊಂಡ. ಸಿದ್ದರಾಮ ಸಾಹೇಬರನ್ನೇ ಮುಖ್ಯ ಅತಿಥಿ ಎಂದು ಅಲ್ಲಿಯೇ ಗೊತ್ತು ಮಾಡಿದ. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ಸಂಜೆಯೊಳಗೆ ಕಾರ್ಡು ಅಚ್ಚಿಗೆ ಹೋಯಿತು: ಪಾಡ್ಯದ ದಿನ ಮುಂಜಾನೆ ಹತ್ತಕ್ಕೆ, ಅಂದಪ್ಪನವರ ಅಂಗಡಿಯಲ್ಲಿ, ಆ್ಯಪ್ ಉದ್ಘಾಟನೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದು ಕೇಳಿದ್ದೇವೆ. ಇಲ್ಲಿ ಇನ್ನೂ ಮದುವೆಯೇ ಆಗಿರಲಿಲ್ಲ.

ಪಾಡ್ಯಕ್ಕೆ ಐದು ದಿನ ಉಳಿದಾಗ ಅಂದಪ್ಪ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗವಚಿಕೊಂಡು ಗದಗಿನ ಬಸ್ಸು ಹತ್ತಿದ. ಗದಗಿಗೆ ಹೊಂದಿಕೊಂಡ ಬೆಟಗೇರಿಯಲ್ಲಿ ರಫೀಕ ಎಂಬ ಕಂಪ್ಯೂಟರ್ ರಿಪೇರಿಯವನಿದ್ದ. ನೇಕಾರರ ಓಣಿಯೊಳಗೆ ಅವನ ಅಂಗಡಿ. ಸುತ್ತಲೂ ಮಗ್ಗದ ಸದ್ದು. ವಯಸ್ಸು ನಲವತ್ತು ದಾಟಿದೆ, ಮೂಗಿನ ತುದಿಗೆ ಕನ್ನಡಕ, ಮಾತು ಕಡಿಮೆ. ಅವನ ಹೆಂಡತಿಯ ತವರು ಲಕ್ಷ್ಮೇಶ್ವರ. ಹಾಗಾಗಿ ಅಂದಪ್ಪನ ಮನೆತನವೆಲ್ಲ ಅವನಿಗೆ ಗೊತ್ತು.

ರಫೀಕ ಲ್ಯಾಪ್‌ಟಾಪ್ ತೆರೆದ. ಮೊದಲ ಪರದೆಯ ಹೆಸರು ನೋಡಿ ಹಣೆಗೆ ಕೈ ಮುಟ್ಟಿಸಿಕೊಂಡ. ಟೂಲ್ ಓಡಿಸಿದ, ಕೆಂಪು ಸಾಲು ಬಂತು. ಅವನು ಅದನ್ನು ಮೊದಲಿನಿಂದ ಕಡೆಯತನಕ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದ. ಆಮೇಲೆ "ಚಾ ಕುಡಿಯೂಣೇನ್ರಿ ಅಣ್ಣಾರ?" ಎಂದ.

ಚಾ ಆಯಿತು. "ರೋಗ ಗೊತ್ತಾತನು?" ಎಂದು ಕೇಳಿದ ಅಂದಪ್ಪ.

"ಗೊತ್ತಾತ್ರಿ."

"ಹೇಳು ಮತ್ತ."

"ಇನ್ನೊಂದು ಚಾ ಕುಡಿಯೂಣು."

ಎರಡನೇ ಚಾ ಆಯಿತು. ರಫೀಕ ಹೊರಗೆ ಹೋಗಿ ಆಕಾಶ ನೋಡಿ ಬಂದ. "ಅಣ್ಣಾರ, ನೀವು ಇದನ್ನ ಬ್ಯಾರೆಯವರಿಗೆ ತೋರಸ್ರಿ. ನಾ ಹೇಳೂದು ಛಲೋ ಅಲ್ಲ."

"ಅಂಥಾದ್ದೇನೈತಿ ಮಾರಾಯಾ? ಜೀವಕ್ಕ ಅಪಾಯನು?"

"ಯಾರೋ ದೊಡ್ಡವರು ಹಾದ್ಯಾಗ ಕುಂತಾರ್ರಿ."

"ಯಾರು? ಎಮ್ಮೆಲ್ಲೆನು?"

"ಅವರಕಿಂತಾ ದೊಡ್ಡವರು." ರಫೀಕ ಬೆರಳು ತೋರಿಸಲೂ ಅಂಜಿ, ಗದ್ದದಿಂದ ಪರದೆಯ ಕಡೆ ಸನ್ನೆ ಮಾಡಿದ. ॥ಶ್ರೀ ಸೋಮೇಶ್ವರ ಪ್ರಸನ್ನ॥. "ನೀವು ಮೊದಲ ದಿನ ಕೊಟ್ಟ ಹೆಸರಿಂದು ಒಂದು ಫೋಲ್ಡರ್ ಆಗೇತಿ. ನೀವು ಏನು ಇಳಿಸಿದ್ರೂ ಅದರೊಳಗ ಹೋಗ್ತೈತಿ. ಈ ಟೂಲಿಗೆ ಹಾದ್ಯಾಗ ಕನ್ನಡ ಅಕ್ಷರ ಬಂದ್ರ ದಾಟಾಕ ಬರಂಗಿಲ್ಲ. ಅದನ್ನ ಕೆಂಪು ಸಾಲಿನಾಗ ಸ್ವಚ್ಛ ಬರದೈತಿ. ನೀವು ಓದಲಿಲ್ಲೇನ್ರಿ?"

ಅಂದಪ್ಪ ಮೊದಲ ಬಾರಿ ಓದಿದ. ಬರೆದಿತ್ತು. ಇಪ್ಪತ್ತೊಂದು ದಿನದಿಂದ ದಿನಕ್ಕೆ ಹತ್ತು ಸಲ ಬರೆದಿತ್ತು. ಅವನಿಗೆ ನಾಚಿಕೆಯಾಯಿತು, ಆದರೆ ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು.

"ತಗದು ಬಿಡು ಹಂಗಾರ."

ರಫೀಕ ಎರಡೂ ಕೈ ಹಿಂದೆ ಕಟ್ಟಿಕೊಂಡ. "ನಾ ತಗೀಯಂಗಿಲ್ಲರಿ! ನಾಳೆ ಲಕ್ಷ್ಮೇಶ್ವರದಾಗ 'ಬೆಟಗೇರಿ ರಫೀಕ ಸೋಮೇಶ್ವರನ್ನ ತಗದು ಹಾಕಿದ' ಅಂತ ಖಬರ ಆದ್ರ ನಾ ಅತ್ತಿ ಮನಿಗೆ ಹೆಂಗ ಹೋಗ್ಲಿ?"

"ಇಂಗ್ಲಿಷಿನಾಗ ಬರದ್ರ?"

"ಬರೀಬಹುದು. ಆದ್ರ ಗೆರಿ ಬರಂಗಿಲ್ಲ, ನಡುವ ಜಾಗಾ ಬಿಡಂಗಿಲ್ಲ. ಎಲ್ಲಾ ಕೂಡಿಸಿ ಸಣ್ಣದಾಗಿ ಬರೀಬೇಕು."

ಅಂದಪ್ಪ ವಿಚಾರ ಮಾಡಿದ. ಗೆರೆಯಿಲ್ಲದೆ, ಗೌರವವಿಲ್ಲದೆ, ಇಂಗ್ಲಿಷಿನಲ್ಲಿ ಮುದುಡಿ ಕೂತ ಸೋಮೇಶ್ವರನನ್ನು ನೆನೆಸಿಕೊಂಡು ಅವನಿಗೇ ಕೆಡುಕೆನಿಸಿತು. ಮೇಲಾಗಿ ಆ ಗುಂಡಿ ಒತ್ತಿದ್ದು ಅವ್ವನ ಬೆರಳು. ಪರದೆ ತೆರೆದಾಗಲೆಲ್ಲ ಅವಳು ಬಂದು ಕೈ ಮುಗಿದು ಹೋಗುತ್ತಿದ್ದಳು. ಅವಳಿಗೆ "ದೇವರಿಂದ ಕೆಲಸ ನಿಂತೈತಿ" ಎಂದು ಯಾರು ಹೇಳಬೇಕು? ಪಾಡ್ಯದ ದಿನ ಬಂದು ಬೆನ್ನಿಗೆ ನಿಲ್ಲಬೇಕು ಎಂದು ರಫೀಕನಿಂದ ಮಾತು ತೆಗೆದುಕೊಂಡು ಊರಿಗೆ ಮರಳಿದ. ಬಸ್ಸಿನಿಂದ ಇಳಿದವನೇ ಸೋಮೇಶ್ವರನ ಗುಡಿಗೆ ಹೋಗಿ ಐದು ಸುತ್ತು ಹಾಕಿದ, ದೇವರೇ ಏನಾದರೂ ದಾರಿ ತೋರಿಸಲಿ ಎಂದು. ದೇವರು ಈ ಜಗಳದಲ್ಲಿ ಬೀಳಲಿಲ್ಲ. ನಾಲ್ಕು ದಿನ ಅವನು ಉಣ್ಣಲಿಲ್ಲ, ಯಾರಿಗೂ ಹೇಳಲೂ ಇಲ್ಲ.

ಪಾಡ್ಯ ಬಂತು. ಅಂಗಡಿಗೆ ಚೆಂಡುಹೂವಿನ ತೋರಣ, ಗಾದಿಗೆ ಹೊಸ ಬಿಳಿ ಹೊದಿಕೆ. ಮುದಕಪ್ಪ ಶಾಲು ತಂದಿದ್ದ. ಸಿದ್ದರಾಮ ಸಾಹೇಬರು ಕುರ್ಚಿಯಲ್ಲಿದ್ದರು. ಮುಂಡರಗಿಯಿಂದ ಬಂದ ವೀರು ಹೊಸ ಧೋತರ ಉಟ್ಟು, ಗಾದಿಯ ಕಡೆ ನೋಡಬಾರದೆಂದು ನಿರ್ಧರಿಸಿ ಮತ್ತೆ ಮತ್ತೆ ಅದನ್ನೇ ನೋಡುತ್ತಿದ್ದ. ಹಿಂದಿನ ಸಾಲಿನಲ್ಲಿ ಚನ್ನಮ್ಮನ ತಂಡ ಡಬ್ಬಿ ಸಮೇತ ಹಾಜರಿತ್ತು; ಒಂದು ವೇಳೆ ಗಿರಣಿಯೇ ಆಗಿದ್ದರೆ ಪಾಳಿ ತಪ್ಪಬಾರದಲ್ಲ. ರಫೀಕ ಕಂಬದ ಮರೆಯಲ್ಲಿ ನಿಂತಿದ್ದ.

ಅಂದಪ್ಪ ಗುಂಡಿ ಒತ್ತಿದ. ಬಿಳಿ ಸಾಲು, ಬಿಳಿ ಸಾಲು, ಕೆಂಪು ಸಾಲು. ಮತ್ತೆ ಒತ್ತಿದ. ಮತ್ತೆ ಕೆಂಪು. ಮರ್ದಾನಸಾಬ ನೀರುಮಟ್ಟ ಹಿಡಿದು ಎದ್ದ, ಮಂದಿ ಕೂಡಿಸಿದರು. ಮುದಕಪ್ಪ ಗಡಿಯಾರ ನೋಡಿಕೊಂಡ.

"ಏನಾತಲೇ?" ಎಂದಳು ಗದಿಗೆವ್ವ. ಅಂದಪ್ಪ ಮೂರನೇ ಸಲ ಒತ್ತಿದ. ಅವಳು ಕಂಬದ ಕಡೆ ತಿರುಗಿದಳು. "ರಫೀಕಾ, ನೀ ಬಲ್ಲಂವ. ಏನಾಗೇತಿ ಹೇಳು."

ರಫೀಕ ಮಾಳಿಗೆಯ ಜಂತಿ ಎಣಿಸತೊಡಗಿದ.

ಅಂದಪ್ಪ ಗುಂಡಿಯಿಂದ ಬೆರಳು ತೆಗೆದ. ಒಂದು ಕಡೆ ಗಾದಿ, ಇನ್ನೊಂದು ಕಡೆ ಅವ್ವ, ನಡುವೆ ದೇವರು. ಹೇಗೂ ಹೋಗುವುದೇ ಆದರೆ ಖರೆ ಹೇಳಿಯೇ ಹೋಗಲಿ ಎಂದು ಅವನಿಗೆ ಅನ್ನಿಸಿತು. "ಅವ್ವಾ, ಸೋಮೇಶ್ವರನ ಹೆಸರು ಹಾದ್ಯಾಗ ಐತಿ. ಅದಕ್ಕ ಇದು ದಾಟವಲ್ದು. ಹೆಸರು ತಗದ್ರ ನಡೀತೈತಿ. ತಗಿಯಾಕ ನನಗ ಧೈರ್ಯ ಇಲ್ಲ."

ಚನ್ನಮ್ಮ ಡಬ್ಬಿಯ ಮುಚ್ಚಳ ಹಾಕಿದಳು. ರಫೀಕ ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟ.

ಗದಿಗೆವ್ವ ಬಾಯೊಳಗಿನ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದಳು. "ಎಲ್ಲೆ ಬರದೀ ನೀ ಹೆಸರು?"

"ಮೊದಲಿಗೇ. ಒಳಗ ಏನು ಹೋಗಬೇಕಾದ್ರೂ ಅದನ್ನ ದಾಟೇ ಹೋಗಬೇಕು."

"ಹುಚ್ಚಪ್ಯಾಲಿ! ದೇವರನ್ನ ತಂದು ನಡಬಾಗಲದಾಗ ಕುಂಡ್ರಿಸಿ ಮಂದಿಗೆ ಒಳಗ ಬರ್ರಿ ಅಂದ್ರ ಯಾರು ದಾಟಿ ಬರ್ತಾರ? ನಮ್ಮ ಮನ್ಯಾಗ ದೇವರು ಎಲ್ಲಿ ಅದಾನ? ಒಳಗ, ಜಗಲಿ ಮ್ಯಾಗ. ಅವನನ್ನ ಎತ್ತಿ ಒಳಗಿಡು, ಬಾಗಲಾ ಖಾಲಿ ಬಿಡು. ಇದನ್ನ ಕೇಳಾಕ ಬೆಟಗೇರಿತನಕ ಹೋಗಿದ್ದೆನು?"

ರಫೀಕ ಜಂತಿ ಎಣಿಸುವುದನ್ನು ಬಿಟ್ಟ. "ಅವ್ವಾರು ಹೇಳಿದ್ದು ಬರೋಬರಿ ಐತ್ರಿ. ಆ್ಯಪ್ ಒಳಗ ಕನ್ನಡ ಎಷ್ಟರ ಬರೀರಿ, ನಡೀತೈತಿ. ಹಾದ್ಯಾಗಷ್ಟ ಬ್ಯಾಡ." ಇಪ್ಪತ್ತಾರು ದಿನದಲ್ಲಿ ಅಂದಪ್ಪ ತಕ್ಕಡಿಯವನನ್ನು ಕೇಳಿದ್ದ, ಪರದೇಶದವನನ್ನು ಕೇಳಿದ್ದ, ದೇವರನ್ನೂ ಕೇಳಿದ್ದ. ಅವ್ವನೊಬ್ಬಳನ್ನು ಬಿಟ್ಟು.

ಅಪ್ಪಣೆ ಸಿಕ್ಕ ಮೇಲೆ ರಫೀಕ ಕನ್ನಡಕ ಏರಿಸಿ ಕೂತ. andappa ಎಂಬ ಬರಿಗಾಲಿನ ಹೆಸರಿನಲ್ಲಿ ಹೊಸ ಫೋಲ್ಡರಿನ ಬಾಗಿಲು ತೆರೆದು ಟೂಲ್ ಓಡಿಸಿದ. ಬಿಳಿ ಸಾಲುಗಳು ಹರಿದವು, ಹರಿಯುತ್ತಲೇ ಇದ್ದವು, ಕಡೆಗೆ ಹಸಿರು ಸಾಲೊಂದು ಬಂತು. "ಆತು!" ಎಂದ ರಫೀಕ. ಜನ ಚಪ್ಪಾಳೆ ತಟ್ಟಿದರು. ಅಂದಪ್ಪ ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಮುದಕಪ್ಪ ಶಾಲು ಬಿಚ್ಚಿದ.

"ಈಗ ಆ್ಯಪ್ ತೋರಿಸಪಾ."

ಟವೆಲ್ಲು ಕೆಳಗಿಳಿಯಿತು. "ಅಧ್ಯಕ್ಷರ, ಈಗ ಕುಂತಿದ್ದು ಗಿರಣಿ. ಕಾಳು ಇನ್ನೂ ಹಾಕಿಲ್ಲ."

"ಅಂದ್ರ?"

"ಆ್ಯಪ್ ಇನ್ನ ಮುಂದ ಮಾಡಬೇಕು. ತಯಾರ ಆಗೇತಿ ಅಂದಿದ್ದು ಸುಳ್ಳರಿ. ಪೆನ್ನು ಕಂಡು ಅಂಜಿ ಅಂದೆ."

ಮುದಕಪ್ಪನ ಮೋರೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಬಯ್ಯಲು ಬಾಯಿ ತೆರೆದ. ಅಷ್ಟರಲ್ಲಿ ರಫೀಕ ಅವಸರವಾಗಿ ಒಂದು ಸಾಲು ಬರೆದು, ಟೂಲಿಗೆ ಹಾಕಿ, ಹೊರಬಂದದ್ದನ್ನು ಅಂದಪ್ಪನ ಮೊಬೈಲಿಗೆ ಕಳಿಸಿ ಮೇಲೆತ್ತಿ ಹಿಡಿದ. ಬಿಳಿ ಪರದೆಯ ನಟ್ಟನಡುವೆ, ಜೋಡಿ ಗೆರೆಗಳ ಸಮೇತ, ॥ಶ್ರೀ ಸೋಮೇಶ್ವರ ಪ್ರಸನ್ನ॥. ಗದಿಗೆವ್ವ ಕೈ ಮುಗಿದಳು. ಅವಳನ್ನು ನೋಡಿ ಎಲ್ಲರೂ ಮುಗಿದರು. ಮುದಕಪ್ಪನೂ ಮುಗಿಯಬೇಕಾಯಿತು. ದೇವರಿಗೆ ಮುಗಿದ ಕೈಯಲ್ಲೇ ಬೈಯುವುದು ಹೇಗೆ? "ಧಾರಣಿ ಯಾವಾಗ?" ಎಂದಷ್ಟೇ ಹಲ್ಲು ಕಡಿದು ಕೇಳಿದ. "ನಾಳಿಂದ ಒಂದೊಂದ ಕಾಳಿಂದು ಹಾಕ್ತೇನ್ರಿ" ಎಂದ ಅಂದಪ್ಪ. ಶಾಲು ಮಡಚಿ ಚೀಲದೊಳಗೆ ಹೋಯಿತು. ಚನ್ನಮ್ಮ ತನ್ನ ಡಬ್ಬಿ ಎತ್ತಿಕೊಂಡು, "ಹಿಟ್ಟಂತೂ ಬರೂದಿಲ್ಲ, ನಡೀರೆವಾ" ಎಂದಳು.

ಎಲ್ಲರೂ ಹೋದ ಮೇಲೆ ಗದಿಗೆವ್ವ ಹಿರಿಯ ಮಗನನ್ನು ಕರೆದಳು. "ಆ್ಯಪ್ ಆಗಿಲ್ಲ. ಆದ್ರ ಎಂಬತ್ತು ಮಂದಿ ಮುಂದ ಖರೆ ಹೇಳಿದಿ. ನಿಮ್ಮಪ್ಪಗೂ ಅದು ಆಗತಿರಲಿಲ್ಲ. ಗಾದಿ ನಿಂದ." ವೀರು ದೊಡ್ಡ ಉಸಿರು ಬಿಟ್ಟು, ಮುಂಡರಗಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ. ಅವನಿಗೂ ಈ ಧೂಳಿನ ಅಂಗಡಿ ಬೇಕಿರಲಿಲ್ಲ ಎಂಬುದು ಆಗ ತಿಳಿಯಿತು.

ಮರುದಿನ ಮುಂಜಾನೆ ಅಂದಪ್ಪ ಜಳಕ ಮಾಡಿ, ವಿಭೂತಿ ಧರಿಸಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗಾದಿಯ ನಡುವೆ ವಿರಾಜಮಾನನಾದ. ಕಾಂಚನಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮೊದಲ ಗಿರಾಕಿಯಾಗಿ ಬೆಳ್ಳಟ್ಟಿಯ ರೈತ ಫಕ್ಕೀರಪ್ಪ ಬಂದ, ಮುಷ್ಟಿಯಲ್ಲಿ ಶೇಂಗಾ ಮಾದರಿ. ಗಾದಿ ನೋಡಿದ, ಅಂದಪ್ಪನನ್ನು ನೋಡಿದ, ಅವನ ಹೆಗಲ ಮೇಲಿಂದ ಕತ್ತು ಚಾಚಿ ಒಳಬಾಗಿಲು ನೋಡಿದ.

"ಅಕ್ಕಾರು ಇಲ್ಲೇನ್ರಿ?"

"ನಾ ಅದೀನಲ್ಲ. ತೋರಸು ಮಾಲು."

ಫಕ್ಕೀರಪ್ಪ ಮುಷ್ಟಿಯನ್ನು ಇನ್ನಷ್ಟು ಬಿಗಿ ಹಿಡಿದ. "ಇರ್ಲಿ ಬಿಡ್ರಿ. ಅಕ್ಕಾರು ಎರಡು ದಿನ ಒಣಗಿಸಿ ತಾ ಅಂದಿದ್ರು. ಅವರಿಗೇ ತೋರಸ್ತೇನಿ. ನಾ ಕಟ್ಟಿ ಮ್ಯಾಗ ಕುಂತಿರ್ತೇನ್ರಿ." ಕಟ್ಟೆಯ ಮೇಲೆ ಆಗಲೇ ನಾಲ್ವರು ಕೂತಿದ್ದರು, ನಾಲ್ವರ ಮುಷ್ಟಿಯೂ ಬಿಗಿಯಾಗಿತ್ತು. ಇಪ್ಪತ್ತು ವರ್ಷ ಗಾದಿಯ ಮೇಲಿದ್ದಾಗ ಅಂದಪ್ಪನಿಗಾಗಿ ಯಾರೂ ಹೀಗೆ ಕಾದಿರಲಿಲ್ಲ.

ಅವನು ಕಟ್ಟೆಯ ಮೇಲಿನ ಮುಷ್ಟಿಗಳನ್ನು ಎಣಿಸಿದ. ಗದಿಗೆವ್ವ ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಆಮೇಲೆ ಅಂದಪ್ಪ ಎದ್ದು, ಹೊದಿಕೆಯ ನಿರಿಗೆ ತಾನೇ ಸರಿಮಾಡಿ, ಲೋಡು ಒಮ್ಮೆ ತಟ್ಟಿ, ಒಳಗೆ ಹೋಗಿ ರೊಟ್ಟಿಯ ಒಲೆಯ ಮುಂದೆ ನಿಂತ. "ನೀ ಹೊರಗ ಹೋಗು. ಮಂದಿ ಕಾಯಾಕ ಹತ್ಯಾರ. ರೊಟ್ಟಿ ನಾ ನೋಡ್ಕೋತೇನಿ." ಕಾಂಚನಾ ಕೈಯ ಹಿಟ್ಟು ಒರೆಸಿಕೊಂಡು ಹೊರಬಂದು ಕೂತಳು. ಐದೂ ಮುಷ್ಟಿಗಳು ಬಿಚ್ಚಿಕೊಂಡವು.

ಹೊತ್ತಿದ ರೊಟ್ಟಿಯನ್ನು ತಿರುವಿ ಹಾಕಿ, ಅಂದಪ್ಪ ಲ್ಯಾಪ್‌ಟಾಪನ್ನು ಬಗಲಿಗಿಟ್ಟುಕೊಂಡು ಗಾದಿಯ ಮುಂದೆ ಬಂದು ರೈತರ ಸಾಲಿನ ಕೊನೆಗೆ ನಿಂತ. ಅವನ ಪಾಳಿ ಬಂದಾಗ, ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಮೊದಲ ಸಲ ಹೆಂಡತಿಗೆ ಮರ್ಯಾದೆ ಕೊಟ್ಟು ಕೇಳಿದ:

"ಆ್ಯಪಿಗೆ ಹಾಕಬೇಕಾಗಿತ್ರಿ. ಇವತ್ತಿನ ಶೇಂಗಾ ಧಾರಣಿ ಎಷ್ಟ್ರಿ?"